ಆರು ತಿಂಗಳ ಸೆರೆ ಯಾವ ತಪ್ಪಿಗೆ?

ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ನೆಲೆ ಕಂಡ ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ನಾವು ಬಡವರ ಧಾನ್ಯದ ಗೆಲುವಿನ ಕಥೆಯಾಗಿ ಓದುತ್ತ ಬಂದಿದ್ದೇವೆ. ಆ ಓದು ಸರಿಯೇ. ಆದರೆ ಅದು ಒಂದು ಮೊಕದ್ದಮೆಯ ಕಥೆಯೂ ಹೌದು. ಆ ಕಡೆಗೆ ನಮ್ಮ ವಿಮರ್ಶೆ ಹೆಚ್ಚು ಗಮನ ಕೊಟ್ಟಿಲ್ಲ.

ನರೆದಲಗವೆಂದರೆ ರಾಗಿ, ವ್ರೀಹಿಯೆಂದರೆ ಭತ್ತ. ಯಾರು ಹೆಚ್ಚೆಂದು ರಾಮನ ಮುಂದೆ ಜಗಳ. ಭತ್ತ ತನ್ನ ಕುಲದ ಹಿರಿಮೆ ಹೇಳಿದರೆ, ರಾಗಿ ಬರಗಾಲದಲ್ಲಿ ಬಡವರನ್ನು ಉಳಿಸಿದ್ದು ಯಾರೆಂದು ಕೇಳುತ್ತದೆ. ರಾಮ ಒಡನೆ ತೀರ್ಪು ಕೊಡದೆ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಬಂದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ರಾಘವನ ಹೆಸರು ರಾಗಿಗೆ ಸಲ್ಲುತ್ತದೆ.

ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಾವೇರಿ, ರಾಣೆಬೆನ್ನೂರು ಸೀಮೆಯವರಿಗೆ ಈ ಪರೀಕ್ಷೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕತ್ತಲಲ್ಲಿ ಕೆಡದ ಕಾಳೇ ಬರಕ್ಕೆ ಆಗುವುದು. ಕಾಳಿನ ಮಟ್ಟಿಗೆ ತಾಳಿಕೆಯೇ ಗುಣ. ಆದರೆ ಕನಕರು ಈ ಧಾನ್ಯಗಳಿಗೆ ಮಾತು ಕೊಟ್ಟಿದ್ದಾರೆ, ಕುಲ ಕೊಟ್ಟಿದ್ದಾರೆ. ಅವು ಮನುಷ್ಯರಾದ ಮೇಲೆ ಸೆರೆಯೇ ಸಾಕ್ಷಿಯಾಗಬಹುದೆ?

ಬೆಂಗಳೂರಿನಲ್ಲಿ 1998ರಲ್ಲಿ ನಡೆದ ಮಹಿಳೆಯೊಬ್ಬರ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಬಿ.ಎ. ಉಮೇಶ್‌ಗೆ 2006ರಲ್ಲಿ ಮರಣದಂಡನೆಯಾಯಿತು. ಆಗಿನಿಂದ ಹತ್ತು ವರ್ಷ ಬೆಳಗಾವಿ ಜೈಲಿನಲ್ಲಿ ಒಂಟಿ ಸೆರೆ. ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿ ತಿರಸ್ಕರಿಸಿದ್ದು 2013ರಲ್ಲಿ. ಅರ್ಜಿ ಇತ್ಯರ್ಥವಾಗುವ ಮೊದಲೇ ಹೀಗೆ ಒಂಟಿಯಾಗಿ ಇಡುವಂತಿಲ್ಲವೆಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ, 1978ರಲ್ಲೇ, ಸುಪ್ರೀಂ ಕೋರ್ಟು ಹೇಳಿತ್ತು. 2022ರ ನವೆಂಬರ್ 4ರಂದು ಅದೇ ಕೋರ್ಟು ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಇಳಿಸಿ, ಕನಿಷ್ಠ 30 ವರ್ಷ ಒಳಗಿರಬೇಕೆಂದಿತು. ಅಪರಾಧ ಸಾಬೀತಾದದ್ದು ಹಾಗೆಯೇ ಉಳಿಯಿತು. ಸತ್ತವಳ ಮನೆಯವರ ನೋವೂ ಕರಗಲಿಲ್ಲ. ಇಂಥ ಅಪರಾಧಿಗೂ ಕಾನೂನು ಬೇಕೆ ಎಂಬ ಸಿಟ್ಟು ನನಗೂ ಬಂದದ್ದುಂಟು. ಆದರೆ ಕೋರ್ಟು ಕೈದಿ ಒಳ್ಳೆಯವನೆಂದು ಹೇಳಲಿಲ್ಲ. ಸೆರೆಯಲ್ಲಿ ಅವನು ಸೊರಗಿದ್ದನ್ನು ಅವನ ಲೆಕ್ಕಕ್ಕೆ ಬರೆಯದೆ ಸೆರೆಯ ಲೆಕ್ಕಕ್ಕೆ ಬರೆಯಿತು, ಅಷ್ಟೆ. ರಾಮನ ಸಭೆಯಲ್ಲಿ ಭತ್ತಕ್ಕೆ ಸಿಗದಿದ್ದುದು ಇದೇ.

ಕಾವ್ಯದ ದೋಷವೆಂದು ಇದನ್ನು ಹೇಳುತ್ತಿಲ್ಲ. ಬರಗಾಲದಲ್ಲಿ ಕೈಹಿಡಿದವನೇ ಹೆಚ್ಚೆಂಬ ರಾಗಿಯ ವಾದ ತಾನಾಗಿಯೇ ಗೆಲ್ಲುವಷ್ಟು ಬಲವಾಗಿತ್ತು. ಅದಕ್ಕೆ ಜೈಲಿನ ಸರ್ಟಿಫಿಕೇಟು ಬೇಕಿರಲಿಲ್ಲ. ಗೆದ್ದ ರಾಗಿಯೂ ತಪ್ಪಿಲ್ಲದೆ ಆರು ತಿಂಗಳು ಒಳಗಿತ್ತು. ಖುಲಾಸೆಯಾಗಿ ಹೊರಬರುವ ವಿಚಾರಣಾಧೀನ ಕೈದಿಯ ಹಾಗೆ. ಅದಕ್ಕೆ ದೇವರ ಹೆಸರು ಸಿಕ್ಕಿತು, ತಿಂಗಳುಗಳು ಮರಳಲಿಲ್ಲ.