ಅಂಕಲ್ ಸ್ಯಾಮ್‌ನ ತರಗತಿ: ಒಂದು ವ್ಯಂಗ್ಯಚಿತ್ರವನ್ನು ನೋಡುವ ಬಗೆ

1898ರಲ್ಲಿ ಸ್ಪೇನನ್ನು ಸೋಲಿಸಿದ ಅಮೆರಿಕ ಕಡಲಾಚೆಯ ನಾಡುಗಳಿಗೆ ಒಡೆಯನಾಯಿತು. ಪೋರ್ಟೊರಿಕೊ, ಗುವಾಮ್ ಅದರ ಕೈಸೇರಿದವು. ಫಿಲಿಪೀನ್ಸ್‌ಗಾಗಿ ಸ್ಪೇನಿಗೆ ಎರಡು ಕೋಟಿ ಡಾಲರ್ ಕೊಟ್ಟಿತು. ಹವಾಯಿಯನ್ನೂ ಅದೇ ವರ್ಷ ಸೇರಿಸಿಕೊಂಡಿತು. ದೊರೆಯನ್ನು ಧಿಕ್ಕರಿಸಿ ಹುಟ್ಟಿದ ದೇಶ ಪರರಿಗೆ ತಾನೇ ದೊರೆಯಾಗಬಹುದೇ ಎಂಬ ವಾದ ಎಲ್ಲೆಡೆ ಎದ್ದಿತು. ‘ಪಕ್’, ‘ಜಡ್ಜ್’ ವಾರಪತ್ರಿಕೆಗಳ ಬಣ್ಣದ ಕಲ್ಲಚ್ಚಿನ ವ್ಯಂಗ್ಯಚಿತ್ರಗಳಲ್ಲಿ ಆ ವಾದ ಇಂದಿಗೂ ಜೀವಂತವಾಗಿದೆ.

ಇವುಗಳ ರುಚಿ ಹತ್ತಬೇಕಾದರೆ ಒಂದೇ ಚಿತ್ರದ ಮುಂದೆ ಹೆಚ್ಚು ಹೊತ್ತು ಕೂರಬೇಕು. ಲೂಯಿಸ್ ಡಾಲ್ರಿಂಪಲ್ ಬರೆದ, 1899ರ ಜನವರಿ 25ರ ‘ಪಕ್’ನಲ್ಲಿ ಬಂದ ಶಾಲೆಯ ಚಿತ್ರದಿಂದ ಆರಂಭಿಸಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಅದನ್ನು ಹಿಗ್ಗಿಸಿ ನೋಡಬಹುದು.

ಮೊದಲು ಗಾತ್ರ. ಮೇಷ್ಟ್ರ ಮೇಜಿನ ಹಿಂದೆ ನಿಂತಿರುವವನು ಅಂಕಲ್ ಸ್ಯಾಮ್, ಅಂದರೆ ಅಮೆರಿಕ. ಮುಂದಿನ ಬೆಂಚಿನಲ್ಲಿ ಮುಖ ಗಂಟಿಕ್ಕಿ ಕೂತ ನಾಲ್ಕು ಕಪ್ಪು ಮಕ್ಕಳು ಫಿಲಿಪೀನ್ಸ್, ಹವಾಯಿ, ಪೋರ್ಟೊರಿಕೊ, ಕ್ಯೂಬಾ. ಜನಾಂಗವೊಂದನ್ನು ಮಗುವಾಗಿ ಬರೆದ ಕ್ಷಣದಲ್ಲೇ ಚಿತ್ರಕಾರ ಅರ್ಧ ವಾದ ಗೆದ್ದಿದ್ದಾನೆ. ಮಗುವನ್ನು ಶಾಲೆಗೆ ಕಳಿಸುವಾಗ ಅದರ ಒಪ್ಪಿಗೆಯನ್ನು ಯಾರು ಕೇಳುತ್ತಾರೆ?

ಆಮೇಲೆ ಅಂಚು. ಹಿಂದಿನ ಸಾಲಿನಲ್ಲಿ ಟೆಕ್ಸಾಸ್, ಕ್ಯಾಲಿಫೋರ್ನಿಯ ಮೊದಲಾದ ಮಕ್ಕಳು ಶಿಸ್ತಾಗಿ ಓದುತ್ತಿದ್ದಾರೆ. ಎಡಗಡೆ ಕರಿಯ ಹುಡುಗನೊಬ್ಬ ಕಿಟಕಿ ಒರೆಸುತ್ತಿದ್ದಾನೆ. ಮೂಲನಿವಾಸಿ ಹುಡುಗ ಒಂಟಿಯಾಗಿ ಅಕ್ಷರಮಾಲೆಯ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಾನೆ. ಚೀನೀ ಹುಡುಗ ಬಾಗಿಲ ಹೊರಗೇ ನಿಂತಿದ್ದಾನೆ. ಹೊಸ ಮಕ್ಕಳಿಗೆ ಮುಂದೆ ಎಂಥ ಜಾಗ ಸಿಗಬಹುದೆಂದು ಈ ಮೂವರೇ ಹೇಳುತ್ತಾರೆ.

ಮೂರನೆಯದು ಕಪ್ಪುಹಲಗೆ. ಆಳಿಸಿಕೊಳ್ಳುವವರ ಒಪ್ಪಿಗೆ ತತ್ವದಲ್ಲಿ ಚೆನ್ನ, ವಾಸ್ತವದಲ್ಲಿ ಅಪರೂಪ; ಇಂಗ್ಲೆಂಡು ಒಪ್ಪಿಗೆಗೆ ಕಾಯದೆ ಆಳಿದ್ದರಿಂದಲೇ ನಾಗರಿಕತೆ ಮುಂದುವರಿಯಿತು ಎಂಬರ್ಥದ ಸಾಲುಗಳು ಅಲ್ಲಿವೆ. ಆ ಹೊಗಳಿಕೆಯಡಿ ನಮ್ಮ ನಾಡೂ ಇತ್ತು.

ಕೊನೆಗೆ ತಾರೀಖು. ಈ ಸಂಚಿಕೆಗೆ ಎರಡೇ ದಿನ ಮೊದಲು, ಜನವರಿ 23ರಂದು, ಮಾಲೋಲೋಸ್ ಪಟ್ಟಣದಲ್ಲಿ ಫಿಲಿಪೀನ್ಸ್ ಗಣರಾಜ್ಯ ಉದ್ಘಾಟನೆಯಾಗಿತ್ತು. ಅದಕ್ಕೆ ಸಂವಿಧಾನವಿತ್ತು, ಎಮಿಲಿಯೊ ಅಗಿನಾಲ್ಡೊ ಎಂಬ ಅಧ್ಯಕ್ಷನಿದ್ದ. ಸ್ವಂತ ಸರ್ಕಾರ ಕಟ್ಟಿಕೊಂಡ ಜನರ ಮುಂದೆ ಚಿತ್ರಕಾರ ಸ್ವಯಂ ಆಡಳಿತದ ಮೊದಲ ಪಾಠ ಇಟ್ಟ! ಫೆಬ್ರವರಿ 4ರಂದು ಅಮೆರಿಕಕ್ಕೂ ಆ ಗಣರಾಜ್ಯಕ್ಕೂ ಯುದ್ಧ ಶುರುವಾಯಿತು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನಿಡಿ. 1901ರಲ್ಲಿ ಫಿಲಿಪೀನ್ಸ್‌ನ ಸಮಾರ್ ದ್ವೀಪದಲ್ಲಿ ಅಮೆರಿಕದ ಜನರಲ್ ಜೇಕಬ್ ಸ್ಮಿತ್, ಹತ್ತು ವರ್ಷ ದಾಟಿದವರನ್ನು ಕೊಲ್ಲಿ ಎಂದು ಆಜ್ಞಾಪಿಸಿದ. ಅದು ಬಯಲಾದಾಗ, 1902ರ ಮೇ 5ರಂದು, ‘ನ್ಯೂಯಾರ್ಕ್ ಈವನಿಂಗ್ ಜರ್ನಲ್’ ಒಂದು ಚಿತ್ರ ಅಚ್ಚು ಹಾಕಿತು: ಕಣ್ಣಿಗೆ ಬಟ್ಟೆ ಕಟ್ಟಿದ ಫಿಲಿಪಿನೋ ಮಕ್ಕಳು, ಎದುರು ಬಂದೂಕು ಗುರಿಯಿಟ್ಟ ಅಮೆರಿಕದ ಸೈನಿಕರು, ರಾಷ್ಟ್ರಲಾಂಛನದ ಮೇಲೆ ಗರುಡನ ಬದಲು ರಣಹದ್ದು. ‘ಪಕ್’ನಲ್ಲಿ ಮಗು ಬರೀ ರೂಪಕ, ಇಲ್ಲಿ ಮಗು ಮಗುವೇ. 1898ರಲ್ಲಿ ಸ್ಪೇನ್ ವಿರುದ್ಧದ ಯುದ್ಧಕ್ಕೆ ಹುರಿದುಂಬಿಸಿದ ಪತ್ರಿಕೋದ್ಯಮಿ ಹರ್ಸ್ಟ್‌ನ ಪತ್ರಿಕೆಯೇ ಇದನ್ನು ಮುದ್ರಿಸಿತು ಎಂಬುದನ್ನೂ ಮರೆಯಬೇಡಿ.

ಇಂಥ ಚಿತ್ರಗಳಿಂದ ಮುಖ ತಿರುಗಿಸುವುದು ಸುಲಭ. ಆದರೆ ಗೆರೆಯ ಹಿಡಿತ, ಗುಂಪನ್ನು ಜೋಡಿಸಿದ ಚಾತುರ್ಯ ನಿಜಕ್ಕೂ ದೊಡ್ಡವು. ಅನ್ಯಾಯ ಅಷ್ಟು ಜನರಿಗೆ ಹಿತವಾಗಿ ಕಂಡದ್ದೂ ಆ ಕಸುಬಿನಿಂದಲೇ. ಕಲೆಯನ್ನು ಮೆಚ್ಚುತ್ತಲೇ ಅದರ ವಾದವನ್ನು ತಳ್ಳಿಹಾಕಬಲ್ಲವನೇ ಇದರ ರಸಿಕ.

ಮುಂದಿನದನ್ನು ನೀವೇ ನೋಡಿ: ವಿಕ್ಟರ್ ಗಿಲಮ್, ‘ಜಡ್ಜ್’, 1899ರ ಏಪ್ರಿಲ್ 1. ಬಂಡೆಗಳ ಬೆಟ್ಟವನ್ನು ಇಂಗ್ಲೆಂಡಿನ ಜಾನ್ ಬುಲ್ ಮುಂದಾಗಿ, ಅಂಕಲ್ ಸ್ಯಾಮ್ ಹಿಂದಾಗಿ ಜನಾಂಗಗಳ ಬುಟ್ಟಿ ಹೊತ್ತು ಹತ್ತುತ್ತಿದ್ದಾರೆ. ಜಾನ್ ಬುಲ್‌ನ ಬುಟ್ಟಿಯಲ್ಲಿ ಭಾರತವನ್ನು ಹುಡುಕಿ. ಯಾರು ಯಾರನ್ನು ಹೊತ್ತಿದ್ದರು ಎಂದು ಅಲ್ಲಿಂದ ಕೇಳಲು ಆರಂಭಿಸಿ.