ಎರಡು ಮದ್ದೂರು, ಒಂದು ಪಠ್ಯಕ್ರಮ

ಮದ್ದೂರು ಎಂದಕೂಡಲೇ ಎಲ್ಲರಿಗೂ ನೆನಪಾಗುವುದು ವಡೆಯ ಮದ್ದೂರು, ಮಂಡ್ಯ ಜಿಲ್ಲೆಯದು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಬಂಡೀಪುರ ಕಾಡಿನ ಅಂಚಿಗೆ ಇನ್ನೊಂದು ಮದ್ದೂರಿದೆ. ಅರಣ್ಯ ಇಲಾಖೆಯ ಗೇಟಿನಿಂದಾಗಿ ಲಾರಿ ಡ್ರೈವರುಗಳಿಗೆಲ್ಲ ಅದು ಗೊತ್ತು. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ಗುಂಡ್ಲುಪೇಟೆ ತಾಲ್ಲೂಕು ಮೈಸೂರು ಜಿಲ್ಲೆಯದು. 1939ಕ್ಕೆ ಮುಂಚೆ ಮಂಡ್ಯವೂ ಮೈಸೂರು ಜಿಲ್ಲೆಯೊಳಗೇ ಇತ್ತು. ಅಂದಮೇಲೆ ಅದಕ್ಕೂ ಹಿಂದಿನ ಪುಸ್ತಕವೊಂದರಲ್ಲಿ ‘ಮದ್ದೂರು, ಮೈಸೂರು ಜಿಲ್ಲೆ’ ಎಂದಷ್ಟೇ ಇದ್ದರೆ ಯಾವ ಮದ್ದೂರು? ಪುಸ್ತಕ ತೆರೆದು ಓದದೆ ಹೇಳಲಾಗದು.

ಓದಿ, ಎರಡಕ್ಕೂ ಬೇರೆಬೇರೆ ಶೀರ್ಷಿಕೆ ಕೊಟ್ಟು, ಮುಂದೆಂದೂ ಅವು ಕಲಸಿಹೋಗದಂತೆ ನೋಡಿಕೊಳ್ಳುವುದು ಗ್ರಂಥಾಲಯದ ಸೂಚೀಕಾರರ ಕೆಲಸ. ಡೇಟಾಬೇಸ್ ಕಟ್ಟುವವರು ಪ್ರತಿ ದಾಖಲೆಗೂ ಪ್ರೈಮರಿ ಕೀ ಎಂಬ ಬೇರೆಯದೇ ಗುರುತು ಕೊಡುವುದು ಇದೇ ಚಿಂತೆಯಿಂದ. ಹಾಗಿದ್ದೂ ಗ್ರಂಥಾಲಯ ವಿಜ್ಞಾನದ ಪದವಿ ಹಿಡಿದು ಕೋಡಿಂಗ್ ಕಡೆ ಹೊರಟವರಿಗೆ ಕೋಚಿಂಗ್ ಸೆಂಟರುಗಳು ಮಾರುವುದು ‘ಫುಲ್ ಸ್ಟ್ಯಾಕ್’ ಕೋರ್ಸನ್ನು. ಹಿಂದೆ ಕಲಿತದ್ದೆಲ್ಲ ಮರೆತು ಇಪ್ಪತ್ತೆರಡರ ಇಂಜಿನಿಯರಿಂಗ್ ಹುಡುಗನ ಪಕ್ಕ ಸೊನ್ನೆಯಿಂದ ಶುರುಮಾಡಿ ಎಂಬ ಸಲಹೆ ಅದು. ಗ್ರಂಥಪಾಲಕರ ಮಟ್ಟಿಗೆ ಇದಕ್ಕಿಂತ ದುಬಾರಿ ಸಲಹೆ ಇರಲಾರದು.

ಇದಕ್ಕೆ ಪರ್ಯಾಯವಾಗಿ ನಾನು ನೋಡಿದವುಗಳಲ್ಲಿ ಗಂಭೀರವಾದದ್ದು ‘ಲೈಬ್ರರಿ ಕಾರ್ಪೆಂಟ್ರಿ’ ಎಂಬ ಪಠ್ಯಕ್ರಮ. 2015ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಬೇಕರ್ ಶುರುಮಾಡಿದ್ದು. ಪಾಠಗಳೆಲ್ಲ ಮುಕ್ತ, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇದರ ಮೊದಲ ಅಭ್ಯಾಸವೇ ಸೊಗಸಾಗಿದೆ: ಗುಂಪಾಗಿ ಕುಳಿತು ತಮಗೆ ಅರ್ಥವಾಗದ ಕಂಪ್ಯೂಟರ್ ಪರಿಭಾಷೆಯನ್ನೆಲ್ಲ ಪಟ್ಟಿಮಾಡಿ, ಒಬ್ಬರಿಗೊಬ್ಬರು ಬಿಡಿಸಿ ಹೇಳುವುದು. ಆಮೇಲೆ ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್, ಆಜ್ಞೆ ಟೈಪಿಸಿ ಕೆಲಸ ಮಾಡಿಸುವ ಯುನಿಕ್ಸ್ ಶೆಲ್, ಓಪನ್‌ರಿಫೈನ್, ಬದಲಾವಣೆಗಳ ದಾಖಲೆ ಇಡುವ ಗಿಟ್. ಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಭಾಷೆ ಮತ್ತು ಪೈಥಾನ್ ಮೂಲಪಾಠದ ಆಚೆ, ಹೆಚ್ಚುವರಿಯ ಸಾಲಿನಲ್ಲಿವೆ. ಪ್ರೋಗ್ರಾಮಿಂಗ್ ಭಾಷೆಗೆ ಕೈಹಾಕುವ ಮೊದಲು ಪಠ್ಯವನ್ನು, ದತ್ತಾಂಶವನ್ನು ಸೋಸುವುದನ್ನು ಕಲಿಸುವ ಈ ಧೋರಣೆಯನ್ನು ನಾನು ಒಪ್ಪುತ್ತೇನೆ. ಆದರೆ ಪಾಠಗಳನ್ನು ಕನ್ನಡದ ಕ್ಯಾಟಲಾಗಿನ ಮೇಲೆ ನಡೆಸಿ ನೋಡಿದರೆ ಇಂಗ್ಲಿಷ್ ಬುನಾದಿ ಮೇಲಕ್ಕೆ ಕಾಣಿಸಿಕೊಳ್ಳುತ್ತದೆ.

ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ‘ಪದದೊಳಗೆ ಬರುವ ಯಾವುದೇ ಅಕ್ಷರ’ ಎಂಬುದಕ್ಕೆ ಒಂದು ಗುರುತಿದೆ. ಇಂಗ್ಲಿಷ್ ಪದಗಳನ್ನು ಅದು ಒಂದೇ ಏಟಿಗೆ ಹಿಡಿದುಕೊಡುತ್ತದೆ. ಪೈಥಾನ್ ಜೊತೆಗೇ ಬರುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಸಲಕರಣೆಗೆ ‘ಮದ್ದೂರು’ ಕೊಟ್ಟು ಅದೇ ಗುರುತನ್ನು ಬಳಸಿದರೆ ಕೈಗೆ ಸಿಗುವುದು ‘ಮದ’, ‘ದ’, ‘ರ’ ಎಂಬ ಮೂರು ಚೂರು. ಒತ್ತನ್ನು ಕೂಡಿಸುವ ವಿರಾಮ, ಕೊಂಬು, ದೀರ್ಘ ಯಾವುದೂ ಅದರ ಲೆಕ್ಕದಲ್ಲಿ ಅಕ್ಷರವಲ್ಲ! ಓದುವವರ ಕಣ್ಣಿಗೆ ಮೂರು ಅಕ್ಷರವಾದ ಈ ಊರಿನ ಹೆಸರು ಯುನಿಕೋಡ್‌ನಲ್ಲಿ ಏಳು ಸಂಕೇತ. ಮ, ದ, ವಿರಾಮ, ದ, ಊಕಾರ, ರ, ಉಕಾರ ಎಂದು ಬಿಡಿಸಿ ಬರೆದು ಕಲಿಯಬೇಕಾದ ಮೊದಲ ಪಾಠ ಇದು. ಪಠ್ಯಕ್ರಮದಲ್ಲಿ ಇದಕ್ಕೊಂದು ಅಧ್ಯಾಯವಿಲ್ಲ. ಲಂಡನ್ನಿನವರಿಗೆ ಅದರ ಕೊರತೆ ಕಾಡಲಿಲ್ಲ, ಸಹಜ. ಕಲಿಸುವವರು ಇಲ್ಲಿ ಅದನ್ನು ಸೇರಿಸದಿದ್ದರೆ ಮಾತ್ರ ಕ್ಷಮೆಯಿಲ್ಲ.

ನಮ್ಮಲ್ಲಿ ಸಮಸ್ಯೆ ಯುನಿಕೋಡ್‌ಗಿಂತಲೂ ಹಿಂದಿನಿಂದ ಶುರುವಾಗುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪಟ್ಟಿಗಳು ಕಚೇರಿಗಳಲ್ಲಿ ಈಗಲೂ ಇವೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಲ್ಯಾಟಿನ್ ಅಕ್ಷರಗಳ ಕಸ. ಅದನ್ನು ಯುನಿಕೋಡ್‌ಗೆ ತರುವುದೆಂದರೆ ಒಂದಕ್ಷರಕ್ಕೆ ಇನ್ನೊಂದನ್ನು ಬದಲಿಸುವುದಷ್ಟೇ ಅಲ್ಲ. ‘ಅರ್ಕ’ ಬರೆದರೆ ಅರ್ಕಾವತ್ತು ಕಣ್ಣಿಗೆ ಕಕಾರದ ನಂತರ ಕಾಣುತ್ತದೆ, ಹಳೆಯ ಫಾಂಟಿನ ಕಡತದಲ್ಲೂ ಆ ಕ್ರಮದಲ್ಲೇ ಕೂತಿರುತ್ತದೆ. ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲನ್ನು ಮಾಡುವ ಪುಟ್ಟ ಪ್ರೋಗ್ರಾಂ ಬರೆಯಲು ಹೊರಟವರು ಲೂಪು, ಷರತ್ತು, ಕೋಷ್ಟಕ, ಕಡತ ಓದುವುದು, ಪರೀಕ್ಷಿಸುವುದು ಎಲ್ಲವನ್ನೂ ಕೆಲಸದ ನಡುವೆಯೇ ಕಲಿಯುತ್ತಾರೆ. ಸಮುದಾಯದವರು ಬರೆದ ಪರಿವರ್ತಕಗಳು ಈಗಾಗಲೇ ಇವೆ, ನಿಜ. ಕಲಿಯಲು ಬರೆಯುವವರಿಗೆ ಅದು ಅಡ್ಡಿಯಲ್ಲ. ತಮ್ಮ ಫಲಿತಾಂಶವನ್ನು ತಾಳೆನೋಡಲು ಅನುಕೂಲವೇ ಆಯಿತು.

ಓಪನ್‌ರಿಫೈನ್ ಪಾಠ ಇಡೀ ಪಠ್ಯಕ್ರಮದ ತಿರುಳು. ಒಂದೇ ಹೆಸರಿನ ಹತ್ತು ರೂಪಗಳನ್ನು ಗುಂಪುಮಾಡಿ ತೋರಿಸುವ ತಂತ್ರಾಂಶ ಇದು. ಗುಂಡ್ಲುಪೇಟೆಯನ್ನು ಹೆಸರಿನಲ್ಲೇ ಹೊತ್ತ ಗುಂಡ್ಲು ಪಂಡಿತ ರಾಜರತ್ನಂ ಅವರನ್ನೇ ತೆಗೆದುಕೊಳ್ಳಿ. ‘ಜಿ.ಪಿ. ರಾಜರತ್ನಂ’ ಮತ್ತು ‘ರಾಜರತ್ನಂ, ಜಿ.ಪಿ.’ ಎರಡೂ ಒಂದೇ ಎಂದು ಅದು ಕೂಡಲೇ ಗುರುತಿಸುತ್ತದೆ: ಚುಕ್ಕಿ, ಅಲ್ಪವಿರಾಮ ಕಿತ್ತು, ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸುವುದು ಅದರ ವಿಧಾನ. ಇನಿಶಿಯಲ್‌ಗಳ ನಡುವೆ ಒಂದು ಖಾಲಿ ಜಾಗ ಬಿದ್ದರೆ ಈ ವಿಧಾನ ಕೈಕೊಡುತ್ತದೆ. ‘ರಾಜರತ್ನಮ್’ ಎಂದು ಬರೆದಿದ್ದರೂ ಅಷ್ಟೇ. ಉಚ್ಚಾರದ ಮೇಲೆ ಗುಂಪುಮಾಡುವ ವಿಧಾನಗಳೂ ಅದರಲ್ಲಿವೆ, ಆದರೆ ಅವು ಇಂಗ್ಲಿಷ್, ಜರ್ಮನ್‌ನಂಥ ಭಾಷೆಗಳ ಉಚ್ಚಾರಕ್ಕೆ ಹೊಲಿದ ಅಂಗಿಗಳು. ಇನ್ನು ‘ಭ್ರಮರ’ ಎಂಬುದು ರಾಜರತ್ನಂ ಅವರದೇ ಕಾವ್ಯನಾಮ ಎನ್ನುವುದನ್ನು ಅಕ್ಷರ ಹೋಲಿಸುವ ಯಾವ ವಿಧಾನವೂ ಕಂಡುಹಿಡಿಯಲಾರದು, ಅದಕ್ಕೆ ಓದಿದವರೇ ಬೇಕು. ಈ ತಂತ್ರಾಂಶವನ್ನು ನಾನು ಮೆಚ್ಚುವುದು ಇದಕ್ಕೇ. ತನ್ನ ಊಹೆಯನ್ನು ಮುಂದಿಟ್ಟು, ಸೇರಿಸಲೋ ಬೇಡವೋ ಎಂದು ಬಳಸುವವರನ್ನು ಕೇಳುತ್ತದೆ. ಸೂಚೀಕರಣ ಬಲ್ಲವರ ತೀರ್ಮಾನಕ್ಕೆ ಇಲ್ಲಿ ಬೆಲೆಯಿದೆ.

ಎಸ್‌ಕ್ಯುಎಲ್ ಅನ್ನು ಹೆಚ್ಚುವರಿಯ ಸಾಲಿಗೆ ತಳ್ಳಿದ್ದು ಮಾತ್ರ ನನಗೆ ಸರಿಕಾಣದು. ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ ಕೋಹಾ ತಂತ್ರಾಂಶದಲ್ಲಿ ವರದಿ ಬರೆಯಲು ಎಸ್‌ಕ್ಯುಎಲ್ ಕಿಟಕಿಯೇ ಇದೆ. ‘ಮೂರು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳು ಯಾವುವು?’ ಎಂಬ ಪ್ರಶ್ನೆ ಗ್ರಂಥಪಾಲಕರಿಗೆ ಪಾಠದ ಉದಾಹರಣೆಯಲ್ಲ, ನಾಳಿನ ಸಭೆಗೆ ಬೇಕಾದ ಉತ್ತರ. ದಿನವೂ ಕೂರುವ ಕುರ್ಚಿಯಿಂದ ಏಳದೆ ಕಲಿಯಬಹುದಾದ ಏಕೈಕ ಭಾಷೆ ಇದು, ಮತ್ತು ಕೆಲಸ ಬದಲಿಸಿದರೂ ಹಾಗೇ ಉಪಯೋಗಕ್ಕೆ ಬರುವಂಥದ್ದು. ಬ್ಯಾಂಕಿನ ಕೋಷ್ಟಕಕ್ಕೂ ಇದೇ, ಆಸ್ಪತ್ರೆಯದಕ್ಕೂ ಇದೇ. ನನ್ನ ಕೈಲಿದ್ದರೆ ಯುನಿಕ್ಸ್ ಶೆಲ್ ಮತ್ತು ಗಿಟ್ ಎರಡನ್ನೂ ಹಿಂದಕ್ಕೆ ಸರಿಸಿ ಇದನ್ನು ಎರಡನೆಯ ಪಾಠ ಮಾಡುತ್ತಿದ್ದೆ.

ಕೋಹಾ ಬರೆದಿರುವುದು ಪರ್ಲ್‌ನಲ್ಲಿ, ಡಿಜಿಟಲ್ ಸಂಗ್ರಹಗಳ ತಂತ್ರಾಂಶ ಡಿಸ್ಪೇಸ್ ಜಾವಾದಲ್ಲಿ. ಅದಕ್ಕೇ ಆ ಭಾಷೆಗಳನ್ನು ಕಲಿಯಿರಿ ಎನ್ನುವವರಿದ್ದಾರೆ. ಬಳಸುವ ತಂತ್ರಾಂಶದ ಒಳಗನ್ನು ನೋಡುವ ಕುತೂಹಲ ಒಳ್ಳೆಯದೇ, ಆದರೆ ಪರ್ಲ್ ಬಲ್ಲವರಿಗೆ ಕೋಹಾದ ಹೊರಗೆ ಹೊಸ ಕೆಲಸಗಳು ಕಡಿಮೆ. ಜಾವಾ ಹೊಸಬರ ಕೈಗೆ ಭಾರ. ಪೈಥಾನ್ ಸಾಕು, ಅದೂ ಮೂರನೆಯದಾಗಿ: ಎಸ್‌ಕ್ಯುಎಲ್‌ನಿಂದ ತೆಗೆದ ಪಟ್ಟಿಯನ್ನೋ ಮಾರ್ಕ್ ನಮೂನೆಯ ಪುಸ್ತಕ ದಾಖಲೆಗಳ ಕಂತೆಯನ್ನೋ ಕೈಯಲ್ಲಿ ತಿದ್ದಿ ಬೇಸರ ಬಂದ ಮೇಲೆ. ಆ ಬೇಸರ ಬರುವ ಮೊದಲೇ ಕಲಿತರೆ ಅದು ಪರೀಕ್ಷೆಯ ಓದಾಗುತ್ತದೆ.

ಗ್ರಂಥಾಲಯದ ಗಡಿಯನ್ನು ಆಚೆಯಿಂದ ಈಚೆಗೆ ದಾಟಿದವರು ಮೊದಲಿನಿಂದಲೂ ಇದ್ದಾರೆ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು; 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ, ತರಬೇತಿಯ ಕೇಂದ್ರ ಡಿಆರ್‌ಟಿಸಿ ಕಟ್ಟಿದರು. ಮಾರ್ಕ್ ನಮೂನೆಯನ್ನು 1960ರ ದಶಕದಲ್ಲಿ ರೂಪಿಸಿದ ಹೆನ್ರಿಯೆಟ್ ಅವ್ರಾಮ್ ಪ್ರೋಗ್ರಾಮರ್. ಗ್ರಂಥಾಲಯಕ್ಕೆ ಬಂದಮೇಲೆಯೇ ಸೂಚೀಕರಣ ಕಲಿತವರು. ಕನ್ನಡದ ಮಟ್ಟಿಗೆ ನನಗೆ ಇವರಿಬ್ಬರಿಗಿಂತ ಹತ್ತಿರದ ಉದಾಹರಣೆ ‘ಪುಸ್ತಕ ಸಂಚಯ’. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸ್ಕ್ಯಾನ್ ಆಗಿದ್ದ ಕನ್ನಡ ಪುಸ್ತಕಗಳ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ, ತೋಚಿದ ಕಾಗುಣಿತದಲ್ಲಿದ್ದವು. ಕನ್ನಡದಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. ಓಂಶಿವಪ್ರಕಾಶ್ ಮತ್ತು ಗೆಳೆಯರು ಆ ಪಟ್ಟಿಯನ್ನು ಸಮುದಾಯದ ಕೈಲಿ ಕನ್ನಡಕ್ಕೆ ತರಿಸಿ ಹುಡುಕಿದರೆ ಸಿಗುವಂತೆ ಮಾಡಿದರು. ಕನ್ನಡದ ಓದುಗರಿಗೆ ಇಷ್ಟು ಉಪಯೋಗವಾದ ಈ ಕೆಲಸದಲ್ಲಿ ಅರ್ಧಪಾಲು ಸೂಚೀಕರಣ.

ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ‘ಅರಿವು ಕೇಂದ್ರ’ಗಳಾಗಿವೆ. ಗುಂಡ್ಲುಪೇಟೆ ಕಡೆಯ ಅಂಥದೊಂದು ಕೇಂದ್ರದ ಮೇಲ್ವಿಚಾರಕರು ಕೋಡಿಂಗ್‌ಗೆ ಹೋಗಬೇಕೆಂದರೆ ಮೊದಲ ಪ್ರಾಜೆಕ್ಟಿಗಾಗಿ ಹವಾಮಾನದ ಆ್ಯಪು, ಕ್ಯಾಲ್ಕುಲೇಟರುಗಳ ಮೊರೆ ಹೋಗಬೇಕಿಲ್ಲ. ತಾಲ್ಲೂಕಿನ ಊರುಗಳ ಮೇಲೆ ಬಂದ ಪುಸ್ತಕಗಳ ಪಟ್ಟಿಯೊಂದನ್ನು ಯುನಿಕೋಡ್‌ಗೆ ತಂದು, ಹೆಸರುಗಳನ್ನು ಒಗ್ಗೂಡಿಸಿ, ಪ್ರತಿ ಊರಿಗೂ ಜನಗಣತಿಯ ಗ್ರಾಮಸಂಖ್ಯೆ ಹಚ್ಚಿ ಡೇಟಾಬೇಸಿಗೆ ಹಾಕಲಿ. ಪುಟದ ವಿನ್ಯಾಸ, ಬಟನ್ನಿನ ಬಣ್ಣ ನೋಡಿ ಆರಿಸುವ ಕಂಪನಿಗಳಲ್ಲಿ ಇದಕ್ಕೆ ಅಂಕ ಸಿಗದು, ಆ ಕೆಲಸವೇ ಬೇಕೆನ್ನುವವರು ಜಾವಾಸ್ಕ್ರಿಪ್ಟ್ ಕಲಿಯಲೇಬೇಕು. ದತ್ತಾಂಶದ ಕೆಲಸಕ್ಕೆ ಸಂದರ್ಶನ ಮಾಡುವವರಾದರೆ ‘ಈ ಎರಡು ಸಾಲನ್ನು ಯಾಕೆ ಒಂದು ಮಾಡಿದಿರಿ, ಆ ಎರಡನ್ನು ಯಾಕೆ ಬಿಟ್ಟಿರಿ?’ ಎಂದು ಕೇಳಿಯೇ ಕೇಳುತ್ತಾರೆ. ಗಿಟ್ ಬಗ್ಗೆ ಕೇಳಿದರೆ ‘ಕಲಿಯುತ್ತಿದ್ದೇನೆ’ ಅಂದರೂ ನಡೆಯುತ್ತದೆ.