ಹಂಪೆಯ ತೇರುಬೀದಿಯ ಸಾಲುಮಂಟಪಗಳು

ವಿರೂಪಾಕ್ಷ ದೇವಾಲಯದ ಮೂಡಣ ಗೋಪುರದಿಂದ ಮತಂಗ ಪರ್ವತದ ಬುಡದ ಏಕಶಿಲಾ ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರು ಉದ್ದಕ್ಕೆ ಚಾಚಿರುವ ಬೀದಿಯ ಎರಡು ತುದಿಗಳನ್ನೂ ಹಂಪೆಯ ಗ್ರಂಥಗಳು ಸಾಮಾನ್ಯವಾಗಿ ವಿಸ್ತರಿಸಿ ವರ್ಣಿಸುವುವು. ನಡುವೆ ಎರಡು ಕಡೆಗಳಲ್ಲಿಯೂ ನಿಂತಿರುವ ಮಂಟಪಗಳ ಸಾಲಿಗೆ ಒಂದೆರಡು ವಾಕ್ಯಗಳು ಸಾಕಾಗುವುವು. ಗೋಪುರವನ್ನು ನೋಡಿದ ಕಣ್ಣಿಗೆ ಈ ಒರಟು ಕಂಬಗಳು ಸಪ್ಪೆಯಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಪಟ್ಟಣವೊಂದರ ವಾಸ್ತುವನ್ನು ದೇವಾಲಯಗಳಿಂದ ಮಾತ್ರ ಅಳೆಯುವುದು ಸರಿಯಾದ ಕ್ರಮವಲ್ಲ.

ಸಾಲಿನ ರಚನೆ ಸರಳವಾದುದು. ಎತ್ತರಿಸಿದ ಜಗಲಿ, ಅದರ ಮೇಲೆ ಕಣಶಿಲೆಯ ಚೌಕ ಕಂಬಗಳು, ಬೋದಿಗೆ, ತೊಲೆ, ಮೇಲೆ ಚಪ್ಪಡಿಯ ಮಾಳಿಗೆ. ಕೆಲವೆಡೆಗಳಲ್ಲಿ ಎರಡನೆಯ ಅಂತಸ್ತು. ಒಂದು ಮಂಟಪದ ಅಂಕಣ ಪಕ್ಕದ್ದರ ಅಂಕಣಕ್ಕೆ ಸಮನಲ್ಲ, ಎತ್ತರವೂ ಒಂದೇ ಅಲ್ಲ. ಇಂಗ್ಲೆಂಡಿನ ಬಾತ್ ನಗರದಲ್ಲಿ 1767ರಿಂದ ಕಿರಿಯ ಜಾನ್ ವುಡ್ಡನು ಕಟ್ಟಿಸಿದ ರಾಯಲ್ ಕ್ರೆಸೆಂಟಿನ 30 ಮನೆಗಳಿಗೆ ಮುಂಭಾಗ ಒಂದೇ ನಕ್ಷೆಯದು, ಹಿಂಭಾಗ ಕೊಂಡವರ ಇಚ್ಛೆಯದು. ಅಲ್ಲಿ ಸಾಲನ್ನು ಒಂದುಗೂಡಿಸಿದುದು ಶಿಲ್ಪಿಯ ನಕ್ಷೆ. ಇಲ್ಲಿ ಒಂದುಗೂಡಿಸಿದುದು ತೇರು. ರಥವು ಸುಗಮವಾಗಿ ಸಾಗಬೇಕಾದಷ್ಟು ಬೀದಿಯನ್ನು ಬಿಟ್ಟು, ಆ ರೇಖೆಯನ್ನು ಮೀರದೆ ಕಟ್ಟಿದರೆ ಮಿಕ್ಕುದು ಹೇಗಿದ್ದರೂ ಅಡ್ಡಿಯಿರಲಿಲ್ಲವೆಂದು ತೋರುವುದು. ಆದುದರಿಂದ ಈ ಅಸಮತೆಯನ್ನು ಕುಶಲತೆಯ ಕೊರತೆಯೆಂದು ಎಣಿಸಲಾಗದು.

ಇದು ರತ್ನಗಳನ್ನು ಮಾರುತ್ತಿದ್ದ ಪೇಟೆಯೆಂಬ ಮಾತು ಜನಜನಿತವಾಗಿದೆ. ಅದಕ್ಕೆ ಆಧಾರವೆನಿಸಿರುವವನು ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್. ಅವನ ಬರಹವನ್ನು ರಾಬರ್ಟ್ ಸೂವೆಲರು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಚ್ಚರದಿಂದ ಓದಿದರೆ ತೊಡಕು ಕಾಣುವುದು. ಮಾಣಿಕ್ಯ, ವಜ್ರ, ಮುತ್ತುಗಳ ವರ್ತಕರನ್ನು ಅವನು ಕಾಣಿಸುವುದು ಅರಮನೆಯ ಕಡೆಯ ವಿಶಾಲವಾದ ಬೀದಿಯಲ್ಲಿ. ವಿರೂಪಾಕ್ಷನ ಗುಡಿಯೆಂದು ಗುರುತಿಸಲಾಗಿರುವ ದೇವಾಲಯದ ಮುಂದಿನ ಬೀದಿಯ ಪ್ರಸಂಗವೇ ಬೇರೆ: ಅಲ್ಲಿ ಮೊಗಸಾಲೆಗಳುಳ್ಳ ಚೆಲುವಾದ ಮನೆಗಳು, ಯಾತ್ರಿಕರಿಗೆ ತಂಗುವ ನೆರಳು, ಮೇಲ್ವರ್ಗದವರಿಗೆ ಬಿಡಾರ, ದೇವರ ದರ್ಶನಕ್ಕೆ ಬಂದಾಗ ಅರಸನು ಇಳಿಯುವ ಅರಮನೆಯೂ ಅದೇ ಬೀದಿಯಲ್ಲಿ. ಎರಡು ವರ್ಣನೆಗಳನ್ನು ಬೆಸೆದು ಒಂದು ಬೀದಿಗೆ ಹಚ್ಚಿದುದು ಪ್ರಮಾದ. ವ್ಯಾಪಾರವೇ ಇರಲಿಲ್ಲವೆಂದಲ್ಲ, ಯಾತ್ರಿಕರಿದ್ದಲ್ಲಿ ಅಂಗಡಿಯೂ ಇರುವುದು. ಆದರೆ ಪೇಸನ ಸಾಕ್ಷ್ಯದಲ್ಲಿ ಮುಂದೆ ನಿಲ್ಲುವುದು ವಸತಿ.

ಅನುವಾದದಲ್ಲಿ ಕಮಾನುಸಾಲೆ ಎಂಬರ್ಥದ ಪದವಿದೆ. ಉಳಿದಿರುವ ಸಾಲಾದರೋ ಕಂಬ ತೊಲೆಗಳದು. ಪರದೇಶಿಯು ಕಂಬದ ಪಡಸಾಲೆಗೆ ತನ್ನ ನಾಡಿನ ಹೆಸರಿಟ್ಟನೆಂದು ತಿಳಿಯುವುದೇ ಸಹಜ. ಅವನು ಕಂಡ ಮನೆಗಳಲ್ಲಿ ಇಟ್ಟಿಗೆ, ಗಾರೆ, ಮರಗಳ ಭಾಗ ಬಹಳವಾಗಿದ್ದು ಅಳಿದಿರಬಹುದು. ಇಂದಿನ ಮಂಟಪವು ಪೂರ್ಣ ಮನೆಯಲ್ಲ, ಮನೆಯ ಅಸ್ಥಿ.

ಈ ಪಾಠಭೇದವು ಪಂಡಿತರ ವಾದಕ್ಕೆ ಮಾತ್ರ ಸೇರಿದುದಲ್ಲ. 1565ರ ಯುದ್ಧಾನಂತರ ಪಟ್ಟಣವು ಹಾಳಾದರೂ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ. ಕಾಲಾಂತರದಲ್ಲಿ ಜನರು ಕಂಬಗಳ ನಡುವೆ ಗೋಡೆಯೆಬ್ಬಿಸಿ ಸಂಸಾರ ಹೂಡಿದರು, ಅಂಗಡಿ ತೆರೆದರು. 1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈಯಲ್ಲಿ ಬೀದಿಯ ನಿವಾಸಗಳನ್ನೂ ಅಂಗಡಿಗಳನ್ನೂ ಕೆಡವಲಾಯಿತು. ನಿವಾಸಿಗಳಿಗೆ ಕಡ್ಡಿರಾಂಪುರದಲ್ಲಿ ನೆಲೆ ಗೊತ್ತುಮಾಡಲಾಯಿತು. ಕಂಬಗಳಿಗೆ ಸಿಮೆಂಟು ಮೆತ್ತಿದುದು, ತೊಲೆಗಳನ್ನು ಮರೆಮಾಡಿದುದು ತಪ್ಪೇ ಸರಿ. ಅದನ್ನು ಸಮರ್ಥಿಸುವವರು ವಾಸ್ತುವಿನ ಹಿತೈಷಿಗಳಲ್ಲ. ಆದರೆ ವಾಸವೇ ಮಂಟಪಗಳಿಗೆ ಹೊರಗಿನದು, ಶೂನ್ಯವೇ ಅವುಗಳ ಮೂಲಸ್ಥಿತಿ ಎಂಬ ಭಾವನೆಗೆ ಪೇಸನಲ್ಲಿ ಆಧಾರ ಸಿಕ್ಕದು. ಗೋಡೆಯನ್ನು ತೆಗೆಯುವ ಮುನ್ನ ಯಾವುದು ಹಳೆಯ ಗಾರೆ, ಯಾವುದು ನಿನ್ನೆಯದು ಎಂದು ಅಂಕಣ ಅಂಕಣಕ್ಕೂ ಅಳೆದು ಬರೆದಿಡುವುದು ಸಂಶೋಧನೆಯ ಮೊದಲ ಕೆಲಸ.

ವಿಟ್ಠಲ ದೇವಾಲಯದ ಮುಂದೆಯೂ, ಕೃಷ್ಣ ದೇವಾಲಯದ ಮುಂದೆಯೂ ಇಂಥ ಸಾಲುಗಳಿವೆ. ಅವು ಜನವಿಲ್ಲದ ಬೀದಿಗಳು. ಕೃಷ್ಣಬಜಾರಿನ ನೆಲವಂತೂ ಬಹುಕಾಲ ಗದ್ದೆಯಾಗಿದ್ದಿತು. ವಿರೂಪಾಕ್ಷನ ಬೀದಿಯಲ್ಲಿ ಮಾತ್ರ ಚೈತ್ರಮಾಸದಲ್ಲಿ ಇಂದಿಗೂ ತೇರು ಸಾಗುತ್ತದೆ. ಆಗ ಜಗಲಿಗಳ ಮೇಲೆ ಜನರು ಕಿಕ್ಕಿರಿದು ಕುಳಿತಿರುವುದನ್ನು ನೋಡಿದವರಿಗೆ ಅವುಗಳ ಎತ್ತರವನ್ನು ಯಾವ ಲೆಕ್ಕದಿಂದ ಗೊತ್ತುಮಾಡಿದರೆಂಬುದು ಊಹೆಗೆ ಬರದೆ ಇರದು.